ಎರಡೇ ನಿಮಿಷ, ಸ್ವಾಮಿ

ಮಾಲೆ ಹಾಕಿದ ಹುಡುಗರಿಗೆ ಗಾಡಿ ನಿಲ್ಲಿಸುವ ವಿಷಯ ಬರೆಯುವುದೇ ಎಂದು ನಗಬೇಡಿ. ಬೇರೆಯವರ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿ "ಎರಡೇ ನಿಮಿಷ ಸ್ವಾಮಿ, ಬಂದೆ" ಎಂದು ಹೋಗುವವನು ಕೆಟ್ಟವನೇ? ಅಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದೇ ಅದು.

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯುವವರಿಗೆ ಫೋರ್ತ್ ಸೀಟ್ ಗೊತ್ತು. ಮೂರು ಜನರ ಬೆಂಚು. ನಾಲ್ಕನೆಯವನು ಬಂದು ಕೈಸನ್ನೆ ಮಾಡಿದರೆ ಮೂವರೂ ಒತ್ತಿಕೊಂಡು ಅವನ ಅರ್ಧ ಸೊಂಟಕ್ಕೆ ಜಾಗ ಮಾಡುತ್ತಾರೆ. ಇದು ಯಾವ ಕಾನೂನಿನಲ್ಲೂ ಇಲ್ಲ, ಒತ್ತಿಕೊಳ್ಳದಿದ್ದರೆ ದಂಡವೂ ಇಲ್ಲ. ಹಾಗೆ ಜಾಗ ಕೊಟ್ಟವನೇ ಭಾನುವಾರ ಕಾರು ತೆಗೆದರೆ ಎರಡು ಗಾಡಿಯ ಜಾಗದಲ್ಲಿ ಒಂದನ್ನು ಅಡ್ಡ ನಿಲ್ಲಿಸಿ ಹೋಗುತ್ತಾನೆ.

ಜಾಗವೇ ಇಲ್ಲ ಎನ್ನುತ್ತಾರೆ. ಸುಳ್ಳಲ್ಲ. ಡೊಂಬಿವಲಿ, ಕಲ್ಯಾಣದ ಹಳೆ ಬಿಲ್ಡಿಂಗ್ ಕಟ್ಟಿದವರು ಮನೆಗೊಂದು ಕಾರು ಬರುತ್ತದೆಂದು ಎಣಿಸಿರಲಿಲ್ಲ. ಆದರೆ 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ, ನಕ್ಷೆ ಹಾಕಿ ಕಟ್ಟಿದ ನವಿ ಮುಂಬಯಿಯಲ್ಲೂ ಇದೇ ಕಥೆ. ಅಲ್ಲದೆ ಲೋಕಲ್‌ನಲ್ಲೇನು ಜಾಗ ಧಾರಾಳವಾಗಿದೆಯೇ?

ನನಗೆ ತೋರುವ ಕಾರಣ ಬೇರೆ. ಲೋಕಲ್‌ನಲ್ಲಿ ನಾಲ್ಕನೆಯವನ ಮುಖ ಕಾಣುತ್ತದೆ. ಗಾಡಿ ನಿಲ್ಲಿಸುವಾಗ ತೊಂದರೆ ಪಡಬೇಕಾದವನು ಎದುರಿಗಿರುವುದಿಲ್ಲ, ಅವನು ಬರುವ ಹೊತ್ತಿಗೆ ನಾವಿರುವುದಿಲ್ಲ. ಎದುರು ನಿಂತವನಿಗೆ ಮರ್ಯಾದೆ ಕೊಡುವುದರಲ್ಲಿ ಅರ್ಧ ನಮ್ಮ ನಾಚಿಕೆಯ ಪಾಲು. ಕಾಣದವನಿಗೆ ಕೊಡುವುದೇ ಕಷ್ಟ. "ಎರಡೇ ನಿಮಿಷ" ಎನ್ನುವಾಗ ಅವನನ್ನು ಕೇಳದೆ ಅವನ ನಿಮಿಷ ತೆಗೆದುಕೊಂಡಿರುತ್ತೇವೆ. ಆ ಎರಡು ನಿಮಿಷ ಅವನಿಗೆ ಎಂಥದ್ದೋ ನಮಗೇನು ಗೊತ್ತು?

ನಮ್ಮ ಗಲ್ಲಿಗೆ ಒಂದು ರಾತ್ರಿ ಆಂಬುಲೆನ್ಸ್ ಒಳಗೆ ಬರಲಾಗಲಿಲ್ಲ. ಎರಡೂ ಬದಿ ಕಾರು. ಮೂರನೇ ಮಾಳಿಗೆಯ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹುಡುಗರು ಗಲ್ಲಿಯ ತುದಿಯವರೆಗೆ ಹೊತ್ತರು. ಅಜ್ಜಿ ಉಳಿದರು. ಕಾರಿನವರು ಯಾರೋ, ಅವರಿಗೆ ಇಂದಿಗೂ ಈ ವಿಷಯ ಗೊತ್ತಿರಲಿಕ್ಕಿಲ್ಲ.

ಕಾನೂನು ಇದೆ. ಇತರರಿಗೆ ಅಡ್ಡಿಯಾಗುವಂತೆ ಗಾಡಿ ಬಿಟ್ಟು ಹೋಗಬಾರದೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಆಂಬುಲೆನ್ಸಿಗೆ ದಾರಿ ಬಿಡದವನಿಗೆ 10,000 ರೂಪಾಯಿ ದಂಡ ಬಂತು. ಸೊಸೈಟಿಯೊಳಗೂ ಅಷ್ಟೇ. ಕಟ್ಟಡದ ಕೆಳಗಿನ ಸ್ಟಿಲ್ಟ್ ಜಾಗವನ್ನು ಬಿಲ್ಡರ್ ಫ್ಲ್ಯಾಟಿನಂತೆ ಬೇರೆಯಾಗಿ ಮಾರುವಂತಿಲ್ಲ ಎಂದು ದಹಿಸರ್‌ನ ಒಂದು ಸೊಸೈಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಆದರೂ ಹತ್ತು ವರ್ಷ ನಿಲ್ಲಿಸಿದವನಿಗೆ ಅದು "ನನ್ನ ಜಾಗ". ಆಮೇಲೆ ಹೊಸಬನ ಜೊತೆ ಜಗಳ, ಮಧ್ಯದಲ್ಲಿ ಸಿಕ್ಕಿಬೀಳುವವನು ಪಾಪ ವಾಚ್‌ಮನ್.

ಇನ್ನು ನಮ್ಮವರ ಮಾತು. 2018ರ ಪ್ರವಾಹದ ನಂತರ ನಿಲಕ್ಕಲ್ಲೇ ನಮ್ಮ ಗಾಡಿಗಳಿಗೆ ಮುಖ್ಯ ತಂಗುದಾಣವಾಯಿತಲ್ಲ, ಅಲ್ಲಿ ಪೊಲೀಸ್ ಸ್ವಾಮಿ ಸೀಟಿ ಊದಿದ ಕಡೆ ಸಾಲಾಗಿ ನಿಲ್ಲಿಸುತ್ತೇವೆ, ಅಲ್ಲಿಂದ ಬಸ್ಸು ಹಿಡಿಯುತ್ತೇವೆ, ಚಕಾರ ಎತ್ತುವುದಿಲ್ಲ. ಇಲ್ಲಿ ಥಾಣೆಯಲ್ಲೋ ಕಲ್ಯಾಣದಲ್ಲೋ ಒಬ್ಬರ ಮನೆಯಲ್ಲಿ ಭಜನೆ ಇದ್ದರೆ ಇಡೀ ಗಲ್ಲಿ ನಮ್ಮದೇ. ಕಪ್ಪು ಬಟ್ಟೆ ಕಂಡರೆ ಜನ ಬೈಯಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯನ್ನು ನಾವು ಒಪ್ಪಿಗೆ ಎಂದುಕೊಂಡಿದ್ದೇವೆ. ಹಿಂದೆ ಹಾರ್ನ್ ಹೊಡೆಯುವ ರಿಕ್ಷಾದವನೂ ಈ 41 ದಿನ ನಮಗೆ ಸ್ವಾಮಿಯೇ ಅಲ್ಲವೇ?

"ಎಲ್ಲರೂ ಹೀಗೇ ನಿಲ್ಲಿಸುತ್ತಾರೆ, ನಾನೊಬ್ಬ ಸರಿಯಾದರೆ ಏನಾಗುತ್ತದೆ" ಎಂದು ಒಬ್ಬ ಕನ್ನಿಸ್ವಾಮಿ ನನ್ನನ್ನು ಕೇಳಿದ. ಊರು ಸರಿಯಾಗುವುದಿಲ್ಲ, ನಿಜ. ಒಂದು ಗೇಟು ತೆರೆಯುತ್ತದೆ, ಅಷ್ಟೇ. ಆ ಗೇಟಿನವನಿಗೆ ಅಷ್ಟು ಸಾಕು.

ಮುಂದಿನ ಭಜನೆಗೆ ಬರುವವರು ಆದಷ್ಟು ರಿಕ್ಷಾದಲ್ಲಿ ಬನ್ನಿ. ಕಾರು ತರಲೇಬೇಕಾದರೆ ಗಾಜಿನ ಒಳಗೆ ಫೋನ್ ನಂಬರಿನ ಚೀಟಿ ಇಡಿ, ಫೋನ್ ಸೈಲೆಂಟ್ ಮಾಡಬೇಡಿ. ಕೊನೆಯ ಗಾಡಿ ಬರುವವರೆಗೆ ಕೆಳಗೆ ಒಬ್ಬರು ನಿಂತಿರಲಿ. ಅವರ ಪಾಲಿನ ಪಾಯಸ ಎತ್ತಿಟ್ಟಿರುತ್ತೇವೆ.