ಉರುಳು ಒಡ್ಡಿದವನು ಎಲ್ಲಿದ್ದಾನೆ?

ಬೇಟೆ ಸರಿಯೋ ತಪ್ಪೋ ಎಂದು ಕೇಳುವಾಗ ನಾವು ಹೆಚ್ಚಾಗಿ ತಿನ್ನುವ ಬಾಯಿಯನ್ನೇ ನೋಡುತ್ತೇವೆ. ಮಾಂಸ ತಿನ್ನಬಹುದೆ, ಜೀವ ತೆಗೆಯಬಹುದೆ ಎಂದು ಶುರುವಾದ ಮಾತು ಸಸ್ಯಾಹಾರ, ಮಾಂಸಾಹಾರಗಳ ಹಳೆಯ ಜಗಳಕ್ಕೆ ಬಂದು ನಿಂತುಬಿಡುತ್ತದೆ. ಆ ಜಗಳದಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಒಮ್ಮೆ ಬಾಯಿಯನ್ನು ಬಿಟ್ಟು ಕೈಯನ್ನು ನೋಡೋಣ. ಕೊಂದ ಕೈಯಲ್ಲಿ ಏನಿತ್ತು? ಪ್ರಾಣಿ ಸಾಯುವ ಹೊತ್ತಿಗೆ ಆ ಕೈ ಎಲ್ಲಿತ್ತು?

ಈ ಪ್ರಶ್ನೆಗೆ ನಮ್ಮ ಚಿತ್ರದುರ್ಗ ಸೀಮೆಗಿಂತ ತಕ್ಕ ಜಾಗ ಬೇರೆ ಬೇಕಿಲ್ಲ. ಕೋಟೆಯ ದಕ್ಷಿಣಕ್ಕೆ ಚಾಚಿಕೊಂಡಿರುವ ಜೋಗಿಮಟ್ಟಿಯ ಬೆಟ್ಟಸಾಲು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ತಾಲ್ಲೂಕುಗಳಿಗೆ ನೆರೆಯದು. 2015ರಲ್ಲಿ ಇಲ್ಲಿನ ಸುಮಾರು 100 ಚದರ ಕಿಲೋಮೀಟರ್ ಕಾಡನ್ನು ಸರ್ಕಾರ ವನ್ಯಜೀವಿಧಾಮವೆಂದು ಘೋಷಿಸಿತು. ಮಲೆನಾಡಿನ ದಟ್ಟ ಕಾಡಲ್ಲ ಇದು. ಬಂಡೆ, ಕುರುಚಲು, ಬೇಸಿಗೆಯಲ್ಲಿ ಒಣಗುವ ಹುಲ್ಲು. ಕರಡಿ, ಚಿರತೆ, ನವಿಲು, ಕಾಡುಹಂದಿಗಳ ಜೊತೆ ಕೊಂಡುಕುರಿ ಇಲ್ಲಿದೆ. ಗಂಡಿಗೆ ನಾಲ್ಕು ಕೊಂಬು ಇರುವ, ಒಂಟಿಯಾಗಿಯೋ ಜೋಡಿಯಾಗಿಯೋ ತಿರುಗುವ ನಾಚಿಕೆಯ ಪ್ರಾಣಿ. ಶಾಸ್ತ್ರದ ಪ್ರಕಾರ ಜಿಂಕೆಯಲ್ಲದಿದ್ದರೂ ಜನ ಅದನ್ನು ಜಿಂಕೆಯ ಲೆಕ್ಕಕ್ಕೇ ಹಾಕುತ್ತಾರೆ. 1997ರವರೆಗೆ ನಮ್ಮದೇ ಜಿಲ್ಲೆಯಲ್ಲಿದ್ದ ಜಗಳೂರಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಈ ಕೊಂಡುಕುರಿಯ ಹೆಸರಿನಲ್ಲೇ ಧಾಮ ಮಾಡಲಾಯಿತು.

ಈ ನೆಲಕ್ಕೆ ಬೇಟೆ ಹೊಸದಲ್ಲ. 1779ರಲ್ಲಿ ಹೈದರಾಲಿ ಗೆದ್ದುಕೊಳ್ಳುವವರೆಗೆ ಕೋಟೆಯನ್ನು ಆಳಿದ ನಾಯಕರು ಬೇಡ ಸಮುದಾಯದವರು. ಆ ಹೆಸರಿನಲ್ಲೇ ಬೇಟೆಯ ನಂಟಿದೆ. ಬಿಲ್ಲು, ಬಲೆ, ನಾಯಿ ಮತ್ತು ಹತ್ತಾರು ಜನರ ಕಾಲು ಇವೇ ಹಳೆಯ ಕಾಲದ ಸಲಕರಣೆಗಳು. ಒಂದು ಕಡೆ ಬಲೆ ಕಟ್ಟಿ ಇನ್ನೊಂದು ಕಡೆಯಿಂದ ಕೂಗುತ್ತಾ ಅಟ್ಟಿಕೊಂಡು ಬರಬೇಕು. ಬಿದ್ದ ಪ್ರಾಣಿಯ ತೊಗಲು ಸುಲಿದು, ಬಾಡನ್ನು ಗುಡ್ಡೆ ಹಾಕಿ ಹಂಚಬೇಕು. ಉಳಿದದ್ದನ್ನು ಉಪ್ಪು, ಅರಿಸಿನ ಸವರಿ ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟಬೇಕು. ಇಡೀ ದಿನದ ದಣಿವು, ಇಡೀ ಊರಿನ ಕಣ್ಣು ಅದರಲ್ಲಿತ್ತು. ಎಷ್ಟೋ ದಿನ ಬರಿಗೈಯಲ್ಲಿ ಬರುತ್ತಿದ್ದರು. ಆ ಬರಿಗೈಯೂ ಕಾಡಿಗೆ ಒಂದು ರಕ್ಷಣೆಯೇ ಆಗಿತ್ತು.

ಶಿಕಾರಿ ಎಂಬ ಮಾತು ಪಾರಸಿಯಿಂದ ಬಂದು ಕನ್ನಡದ ಮನೆಮಾತಾಯಿತು. ಮುಸ್ಲಿಂ ಮನೆಗಳಲ್ಲೂ ಶಿಕಾರಿಯ ಕಥೆಗಳಿಗೆ ಕೊರತೆಯಿಲ್ಲ. ಹೇಳುವವರು ಕೋವಿಯ ಬಗ್ಗೆ, ಗುರಿಯ ಬಗ್ಗೆ ಉತ್ಸಾಹದಿಂದ ಹೇಳುತ್ತಾರೆ. ಇಸ್ಲಾಮಿನಲ್ಲಿ ಬೇಟೆಗೆ ಅನುಮತಿಯಿದೆಯಲ್ಲ ಎಂದೂ ಸೇರಿಸುತ್ತಾರೆ. ಅನುಮತಿಯಿರುವುದು ನಿಜ. ಆದರೆ ಅದರ ಜೊತೆಗಿರುವ ಷರತ್ತುಗಳನ್ನು ಹೇಳುವವರು ಕಡಿಮೆ.

ಆ ಷರತ್ತುಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಬೇಕು. ಬಾಣ ಬಿಡುವಾಗ, ಪಳಗಿಸಿದ ನಾಯಿಯನ್ನು ಬಿಡುವಾಗ ಅಲ್ಲಾಹನ ಹೆಸರು ಹೇಳಬೇಕು. ಹಿಡಿದ ಪ್ರಾಣಿಯನ್ನು ನಾಯಿಯೇ ತಿಂದಿದ್ದರೆ ಅದು ಬೇಡ; ನಾಯಿ ತನಗಾಗಿ ಹಿಡಿದಿದೆ. ಬೇರೆ ನಾಯಿ ಜೊತೆಗೂಡಿ ಕೊಂದಿದ್ದರೂ ಬೇಡ. ಹೆಸರು ಹೇಳಿದ್ದು ನಿಮ್ಮ ನಾಯಿಯ ಮೇಲೆ ಮಾತ್ರ. ಬಾಣ ತಗುಲಿದ ಪ್ರಾಣಿ ನೀರಿನಲ್ಲಿ ಸತ್ತು ಸಿಕ್ಕರೆ ಬೇಡ; ಕೊಂದದ್ದು ಬಾಣವೋ ನೀರೋ ತಿಳಿಯದು. ಆಯುಧದ ಮೊನೆ ನಾಟಿ ಸತ್ತಿದ್ದರೆ ಸರಿ, ಅಡ್ಡಕ್ಕೆ ಬಡಿದು ಸತ್ತಿದ್ದರೆ ಇಲ್ಲ. ಕುತ್ತಿಗೆ ಬಿಗಿದು ಸತ್ತದ್ದು, ಪೆಟ್ಟು ಬಿದ್ದು ಸತ್ತದ್ದು, ಎತ್ತರದಿಂದ ಉರುಳಿ ಸತ್ತದ್ದು ಎಲ್ಲವೂ ಕುರ್‌ಆನಿನ ಐದನೇ ಅಧ್ಯಾಯ ಅಲ್ ಮಾಇದದ ನಿಷೇಧದ ಪಟ್ಟಿಯಲ್ಲಿವೆ. ಉಸಿರಿರುವಾಗಲೇ ಜಿಬಹ್ ಮಾಡಿದ್ದರೆ ಮಾತ್ರ ವಿನಾಯಿತಿ. ಜೀವವಿರುವುದನ್ನು ಗುರಿ ಕಲಿಯುವ ಹಲಗೆ ಮಾಡಿಕೊಳ್ಳುವುದನ್ನಂತೂ ಪ್ರವಾದಿಯವರು ಸ್ಪಷ್ಟವಾಗಿ ತಡೆದಿದ್ದಾರೆ.

ಮೇಲ್ನೋಟಕ್ಕೆ ಇವು ಅಡುಗೆಮನೆಯ ನಿಯಮಗಳಂತೆ ಕಾಣುತ್ತವೆ. ಆದರೆ ಎಲ್ಲವೂ ಕೇಳುವುದು ಒಂದೇ ಮಾತು. ಈ ಸಾವಿಗೆ ಹೊಣೆ ಯಾರು? ಹೊಣೆಗಾರ ಗೊತ್ತಿರಬೇಕು, ಅವನಿಗೆ ಎಚ್ಚರವಿರಬೇಕು, ತಾನು ತೆಗೆಯುತ್ತಿರುವ ಜೀವ ತನ್ನದಲ್ಲ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಸಂಶಯವಿದ್ದಲ್ಲಿ ಕೈಬಿಡಬೇಕು. ಈ ವಿವೇಕಕ್ಕೆ ತಲೆದೂಗಲು ಮುಸ್ಲಿಮರೇ ಆಗಿರಬೇಕಾಗಿಲ್ಲ.

ಈಗ ಇಂದಿನ ಸಲಕರಣೆಗಳ ಕಡೆ ಬನ್ನಿ. ಇವತ್ತು ನಮ್ಮ ರಾಜ್ಯದ ಕಾಡಂಚಿನಲ್ಲಿ ಅತಿ ಹೆಚ್ಚು ಕೊಲ್ಲುತ್ತಿರುವ ಆಯುಧಗಳಲ್ಲಿ ಒಂದಕ್ಕೆ ಆಯುಧವೆಂಬ ಹೆಸರೇ ಇಲ್ಲ. ಅದು ಬೈಕಿನ ಕ್ಲಚ್ ವೈರು. ಯಾವ ಗ್ಯಾರೇಜಿನ ಕಸದಲ್ಲೂ ಸಿಗುತ್ತದೆ. ಅದನ್ನು ಬೇಲಿಯ ಕಂಡಿಯಲ್ಲಿ ಉರುಳು ಮಾಡಿ ಬಿಟ್ಟವನು ಮನೆಗೆ ಹೋಗಿ ಮಲಗುತ್ತಾನೆ. ಹಂದಿಗೆಂದು ಒಡ್ಡಿದ್ದಕ್ಕೆ ಕೊಂಡುಕುರಿ ಬೀಳುತ್ತದೆ, ಮೊಲ ಬೀಳುತ್ತದೆ, ಚಿರತೆಯ ಸೊಂಟಕ್ಕೆ ಬಿಗಿಯುತ್ತದೆ. ವೈರಿಗೆ ತಾಯಿ ಮರಿ ಎಂಬುದು ಗೊತ್ತಿಲ್ಲ. ಎಳೆದಷ್ಟೂ ಬಿಗಿಯುವುದು ಮಾತ್ರ ಅದಕ್ಕೆ ಗೊತ್ತು. ಒಡ್ಡಿದವನು ಮರೆತರೂ ವೈರು ಮರೆಯುವುದಿಲ್ಲ. ತಿಂಗಳುಗಟ್ಟಲೆ ಅಲ್ಲೇ ಕಾಯುತ್ತದೆ. ಹೀಗೆ ಸತ್ತ ಪ್ರಾಣಿಯ ಮೇಲೆ ಯಾರ ಹೆಸರನ್ನು ಹೇಳುವುದು? ಹೇಳಬೇಕಾದವನು ಅಲ್ಲಿ ಇರಲೇ ಇಲ್ಲ. ಬೇಲಿಗೆ ಹರಿಸಿದ ಕರೆಂಟಿಗೂ, ಹಿಟ್ಟಿನ ಉಂಡೆಯಲ್ಲಿ ಅಡಗಿಸಿದ ಸಿಡಿಮದ್ದಿಗೂ ಇದೇ ಮಾತು ಅನ್ವಯಿಸುತ್ತದೆ. ಕರೆಂಟಿನ ಬೇಲಿಗೆ ಮನುಷ್ಯರೂ ಬಲಿಯಾಗಿದ್ದಾರೆ.

ಇನ್ನೊಂದು ಬಗೆಯೆಂದರೆ ಜೀಪು, ಪ್ರಖರ ಬೆಳಕು, ಕೋವಿ. ಇಲ್ಲಿ ಮನುಷ್ಯ ಇದ್ದಾನೆ, ಆದರೆ ನೋಡುವುದು ಹೊಳೆಯುವ ಎರಡು ಕಣ್ಣುಗಳನ್ನು ಮಾತ್ರ. ಗಬ್ಬವಾದದ್ದೋ, ಮರಿಯೋ, ಕೆಲವೊಮ್ಮೆ ಯಾವ ಪ್ರಾಣಿಯೆಂಬುದೇ ತಿಳಿಯುವುದಿಲ್ಲ. ಈ ಬೆಳಕು ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲೇ ಸಾಕ್ಷಿಯಿದೆ. ಭಾರತದ ಕೊನೆಯ ಚೀತಾಗಳೆಂದು ದಾಖಲಾದ ಮೂರನ್ನು 1947ರಲ್ಲಿ ಕೊರಿಯಾ ಸಂಸ್ಥಾನದ ರಾಜ ಹೊಡೆದದ್ದು ಒಂದು ರಾತ್ರಿ, ವಾಹನದ ದೀಪದ ಬೆಳಕಿನಲ್ಲಿ. 1952ರಲ್ಲಿ ಆ ಪ್ರಾಣಿ ದೇಶದಿಂದ ಅಳಿಯಿತೆಂದು ಘೋಷಿಸಬೇಕಾಯಿತು. ಅದನ್ನು ಮತ್ತೆ ಕಾಣಲು 2022ರಲ್ಲಿ ನಮೀಬಿಯಾದಿಂದ ವಿಮಾನದಲ್ಲಿ ತರಿಸಬೇಕಾಯಿತು.

ಬೇಟೆ ಕಾನೂನುಬದ್ಧವಾಗಿರುವ ನಾಡುಗಳೂ ಈ ಹೊಣೆಯನ್ನು ಬಿಟ್ಟಿಲ್ಲ. ನಾರ್ವೆಯಲ್ಲಿ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುವವರು ಪ್ರತಿವರ್ಷ ಗುರಿಯ ಪರೀಕ್ಷೆ ಪಾಸಾಗಬೇಕು. ಗಾಯಗೊಂಡದ್ದರ ಜಾಡು ಹಿಡಿಯಲು ಪಳಗಿಸಿದ ನಾಯಿಯ ನೆರವು ಇರಲೇಬೇಕು. ಗಾಯ ಮಾಡಿ ಬಿಟ್ಟುಹೋಗುವುದು ಅಲ್ಲಿ ತಪ್ಪು. ಬಾಣದ ಜಾಡು ಹಿಡಿದು ಹೋಗು ಎಂಬ ಅರಬರ ಮರುಭೂಮಿಯ ನಿಯಮಕ್ಕೂ ಹಿಮದ ನಾಡಿನ ನಿಯಮಕ್ಕೂ ಎಷ್ಟು ಹತ್ತಿರ!

ಇಷ್ಟು ಹೇಳಿದ ಮೇಲೆ ಎದುರುಮಾತುಗಳನ್ನೂ ಕೇಳಬೇಕು. ಮೊದಲನೆಯದು ರೈತನದು. ರಾತ್ರಿಯೆಲ್ಲಾ ಕಾದರೂ ಬೆಳಗಾಗುವಷ್ಟರಲ್ಲಿ ಶೇಂಗಾ, ಮೆಕ್ಕೆಜೋಳದ ಹೊಲವನ್ನು ಹಂದಿಗಳು ಉತ್ತುಹಾಕಿರುತ್ತವೆ. ಸಾಲ ಮಾಡಿದವನಿಗೆ ಕೊಂಡುಕುರಿಯ ಬಗ್ಗೆ ಉಪದೇಶ ಮಾಡುವುದು ಸುಲಭ. ಅವನ ಸಿಟ್ಟು ನ್ಯಾಯವಾದದ್ದೇ. ಬೆಳೆನಷ್ಟದ ಪರಿಹಾರಕ್ಕೆ ಅವನನ್ನು ಅಲೆದಾಡಿಸುವ ವ್ಯವಸ್ಥೆ ಪ್ರತಿ ಉರುಳಿನಲ್ಲೂ ಪಾಲುದಾರ. ಆದರೆ ಹೊಲ ಕಾಯುವುದು ಬೇರೆ, ಕಾಯದೆಯೇ ಕೊಲ್ಲುವುದು ಬೇರೆ.

ಎರಡನೆಯದು ಬಡವನದು, ಇದು ಇನ್ನೂ ಕಠಿಣ. ಕಾಡನ್ನು ಬರಿದು ಮಾಡಿದವರು ಯಾರು? ರಾಜರು, ಸಾಹೇಬರು, ಜಮೀನ್ದಾರರು ಹೊಡೆದು ತಲೆಗಳನ್ನು ಗೋಡೆಗೆ ತೂಗುಹಾಕಿದರು. ಬಂಡೀಪುರ ಮೊದಲು ಮೈಸೂರು ಅರಸರ ಬೇಟೆಯ ಕಾಡೇ ಆಗಿತ್ತು. ಅತ್ತ ಅಲೆಮಾರಿ ಸಮುದಾಯಗಳನ್ನು 1871ರ ಬ್ರಿಟಿಷ್ ಕಾಯ್ದೆ ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಹಕ್ಕಿಪಿಕ್ಕಿಗಳಂಥವರ ಕುಲಕಸುಬೇ ಅಪರಾಧವಾಯಿತು. ಆ ಕಾಯ್ದೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಉರುಳು ಒಡ್ಡುವುದು, ಅಟ್ಟುವುದು, ಅದಕ್ಕೆ ಯತ್ನಿಸುವುದೂ ಬೇಟೆಯೇ. ಕೃಷ್ಣಮೃಗ, ಕೊಂಡುಕುರಿಗಳು ಅದರ ಮೊದಲ ಪಟ್ಟಿಯಲ್ಲಿವೆ. ಕೊಂದವರಿಗೆ 3ರಿಂದ 7 ವರ್ಷ ಜೈಲು. ಕಾಯ್ದೆ ಬೇಕಾಗಿತ್ತು, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಬಲೆಯನ್ನು ಕಸಿದುಕೊಂಡ ಸರ್ಕಾರ ಆ ಕೈಗೆ ಬೇರೆ ಕೆಲಸ ಕೊಡಲು ಅಷ್ಟೇ ಆತುರ ತೋರಲಿಲ್ಲ. ಈ ಅನ್ಯಾಯವನ್ನು ಹೇಳದೆ ಕಾಡಿನ ಬಗ್ಗೆ ಮಾತಾಡುವುದು ಅರ್ಧ ಮಾತು.

ಹಾಗೆಂದು ಈ ಅನ್ಯಾಯವನ್ನು ಮುಂದಿಟ್ಟುಕೊಂಡು ಜೀಪಿನಲ್ಲಿ ಬರುವವನು ತಪ್ಪಿಸಿಕೊಳ್ಳಲಾಗದು. ಅವನಿಗೆ ಹಸಿವಿಲ್ಲ, ಕುಲಕಸುಬಿನ ನೆಪವೂ ಇಲ್ಲ. ಅವನು ಮುಸ್ಲಿಮನಾಗಿದ್ದರೆ ಧರ್ಮದ ಅನುಮತಿಯ ಹಿಂದೆಯೂ ಅವಿತುಕೊಳ್ಳುವಂತಿಲ್ಲ. ಹಜ್ಜಿಗೆ ಹೊರಟು ಇಹ್ರಾಮ್ ತೊಟ್ಟವನಿಗೆ ನೆಲದ ಮೇಲಿನ ಬೇಟೆ ನಿಷಿದ್ಧ. ಮಕ್ಕಾದ ಹರಮ್ ಪ್ರದೇಶದಲ್ಲಿ ಬೇಟೆಯಾಡುವುದಿರಲಿ, ಪ್ರಾಣಿಯನ್ನು ಬೆದರಿಸಿ ಓಡಿಸುವುದೂ ಸಲ್ಲದು. ಒಂದು ಜಾಗವನ್ನು ಬೇಟೆಗೆ ಮುಚ್ಚಿಡುವುದು ಎಂದರೇನೆಂದು ಪ್ರತಿ ಮುಸ್ಲಿಮನಿಗೂ ಹೀಗೆ ಗೊತ್ತಿದೆ. ಜೋಗಿಮಟ್ಟಿ ಮಕ್ಕಾ ಅಲ್ಲ ನಿಜ. ಆದರೆ ಮುಚ್ಚಿದ ಜಾಗವನ್ನು ಗೌರವಿಸುವ ಅಭ್ಯಾಸ ನಮಗೆ ಹೊಸದೂ ಅಲ್ಲ.

ಹೊಸದುರ್ಗ ಸೀಮೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಕಾಡಿನಲ್ಲಿ ಬಲೆಯೊಡ್ಡಿ ಮೊಲವನ್ನು ಜೀವಂತ ಹಿಡಿದು, ದೇವರ ಮುಂದೆ ಪೂಜಿಸಿ, ಮತ್ತೆ ಕಾಡಿಗೆ ಬಿಡುವ ಆಚರಣೆಯಿದೆ. ಕಾಯ್ದೆಯ ಕಣ್ಣಿಗೆ ಹಿಡಿಯುವುದೂ ತಪ್ಪೇ. ಬೆದರಿದ ಮೊಲದ ಎದೆ ಒಡೆದರೂ ಒಡೆಯಬಹುದು. ಅದನ್ನು ಕೊಂಡಾಡುವುದು ನಮ್ಮ ಉದ್ದೇಶವಲ್ಲ. ಆದರೂ ಬೇಟೆಯ ಎಲ್ಲ ಹೆಜ್ಜೆಗಳನ್ನೂ ಇಟ್ಟು, ಕೊನೆಯ ಹೆಜ್ಜೆಯಲ್ಲಿ ಕೈ ಹಿಂದಕ್ಕೆ ತೆಗೆದುಕೊಳ್ಳುವ ಒಂದು ಊರಿನ ಮನಸ್ಸು ಯೋಚನೆಗೆ ಹಚ್ಚುತ್ತದೆ. ಬೇಟೆಯಲ್ಲಿ ಮನುಷ್ಯನಿಗೆ ಬೇಕಾಗಿದ್ದದ್ದು ಬರೀ ಬಾಡು ಅಲ್ಲ, ಕಾಡಿನೊಡನೆ ಒಂದು ಸಂಬಂಧ ಎಂದು ಅದು ಹೇಳುತ್ತಿರಬಹುದು.

ಕೊನೆಗೆ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬರುತ್ತದೆ. ಹಳ್ಳಿಗಳಲ್ಲಿ ಇಂಥ ಬಾಡು ಎಲೆಯಲ್ಲಿ ಸುತ್ತಿಕೊಂಡು ಪಾಲಾಗಿ ಬರುತ್ತದೆ. ಕೊಡುವವನು ನೆರೆಯವನು, ಜಾತಿ ಧರ್ಮ ನೋಡದೆ ಪ್ರೀತಿಯಿಂದ ತಂದವನು. ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧ ಎಂದು ಅವನ ಮುಖಕ್ಕೆ ಹೇಳಿದರೆ ಸ್ನೇಹ ಮುರಿಯುತ್ತದೆ. ಸುಮ್ಮನೆ ತೆಗೆದುಕೊಂಡರೆ ನಾಳೆ ಇನ್ನೊಂದು ಉರುಳು ಏಳುತ್ತದೆ. ನಮಗೆ ತೋಚುವ ದಾರಿ ಒಂದೇ. ಅವನನ್ನು ಒಳಗೆ ಕರೆದು, ಕೂರಿಸಿ, ಚಹಾ ಕೊಟ್ಟು, ಇದು ಸಾಯುವಾಗ ನೀನು ಎಲ್ಲಿದ್ದೆ ಅಣ್ಣಾ ಎಂದು ಕೇಳುವುದು. ಅವನು ಉತ್ತರ ಕೊಡದಿದ್ದರೂ ಪರವಾಗಿಲ್ಲ. ಆ ಎಲೆ ಮಾತ್ರ ಅವನ ಕೈಯಲ್ಲೇ ವಾಪಸು ಹೋಗಲಿ, ಅವನ ಚಹಾ ಮುಗಿದ ಮೇಲೆ.