ಪ್ರಮಾದವೆಂಬ ಹಿಂಸೆ: ಬಚ್ಚಲುಮನೆಯ ವಿದ್ಯುತ್ತು ಮತ್ತು ಜೈನ ವಿಚಾರ

ರಾಯದುರ್ಗ ಮತ್ತು ಮಡಕಶಿರಾ ಸೀಮೆಗಳು ಆಂಧ್ರಪ್ರದೇಶಕ್ಕೆ ಸೇರಿದ್ದರೂ, 2022ರಲ್ಲಿ ಮಡಕಶಿರಾ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಗಿದ್ದರೂ, ಕನ್ನಡವೂ ಜೈನಧರ್ಮದ ಗುರುತುಗಳೂ ಆ ನೆಲದಿಂದ ಅಳಿಸಿಹೋಗಿಲ್ಲ. ಮಡಕಶಿರಾ ಸೀಮೆಯ ಅಮರಾಪುರದ 1278ರ ಶಾಸನ ತೈಲಂಗೆರೆಯ ಬ್ರಹ್ಮ ಜಿನಾಲಯಕ್ಕೆ ಬಿಟ್ಟ ಅಡಕೆ ಮರಗಳ ದತ್ತಿಯನ್ನು ದಾಖಲಿಸಿದರೆ, ರಾಯದುರ್ಗದ 1355ರ ಶಾಸನ ಒಂದನೆಯ ಹರಿಹರನ ಆಳ್ವಿಕೆಯಲ್ಲಿ ಭೋಗರಾಜನೆಂಬ ವ್ಯಾಪಾರಿ ಶಾಂತಿನಾಥ ಜಿನಬಿಂಬವನ್ನು ಪ್ರತಿಷ್ಠಾಪಿಸಿದ ಸಂಗತಿಯನ್ನು ಹೇಳುತ್ತದೆ. ಇಂಥ ದಾನಿಗಳು ಮುನಿಗಳಲ್ಲ, ಒಲೆ ಹೊತ್ತಿಸಿ ನೀರು ಕಾಯಿಸಿ ವ್ಯವಹಾರ ನಡೆಸಿದ ಶ್ರಾವಕರು, ಅಂದರೆ ಗೃಹಸ್ಥ ಜೈನರು. ಬದುಕುವುದಕ್ಕೆ ಅನಿವಾರ್ಯವಾದ ಕೆಲಸದಲ್ಲಿ ಎಷ್ಟು ಹಿಂಸೆ ಗೃಹಸ್ಥನ ಪಾಲಿಗೆ ಬರುತ್ತದೆ ಎಂಬುದು ಅವರ ಪಾಲಿಗೆ ದಿನನಿತ್ಯದ ಪ್ರಶ್ನೆಯಾಗಿತ್ತು. ನೀರೊಲೆ ಮತ್ತು ಹಂಡೆಯ ಜಾಗಕ್ಕೆ ಗೀಸರ್ ಬಂದಿರುವ ಈ ಕಾಲದಲ್ಲಿ ಅದೇ ಪ್ರಶ್ನೆ ಗೋಡೆಯೊಳಗಿನ ತಂತಿಗೆ ಬಂದು ತಾಗಿದೆ.

ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಪ್ರಾಣಹಾನಿಯೊಂದೇ ಹಿಂಸೆಯ ಲಕ್ಷಣವಲ್ಲ; ಪ್ರಮತ್ತಯೋಗ, ಎಂದರೆ ಎಚ್ಚರ ತಪ್ಪಿದ ಮನಸ್ಸು, ಮಾತು ಮತ್ತು ದೇಹಗಳ ಚಟುವಟಿಕೆ, ಅದರ ಮೂಲವಾಗಿರಬೇಕು. ದಿಗಂಬರ ಆಚಾರ್ಯ ಕುಂದಕುಂದರ ಪ್ರವಚನಸಾರ ಇದನ್ನು ಇನ್ನೂ ಮುಂದಕ್ಕೆ ಒಯ್ದು, ಜೀವ ಸಾಯಲಿ ಬದುಕಲಿ, ಯತ್ನವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತವೆಂದೂ, ಯತ್ನಾಚಾರಿಗೆ, ಅಂದರೆ ಎಚ್ಚರದಿಂದ ನಡೆಯುವವನಿಗೆ, ಬರಿಯ ಪ್ರಾಣಹಾನಿಯಿಂದ ಕರ್ಮಬಂಧವಿಲ್ಲವೆಂದೂ ಹೇಳುತ್ತದೆ. ಮೇಲ್ನೋಟಕ್ಕೆ ಇದು ಮುನಿಗಳ ನಡಿಗೆಗೆ ಸಂಬಂಧಪಟ್ಟ ಸೂಕ್ಷ್ಮ ವಿಚಾರವೆಂದು ಕಂಡರೂ, ವೈರಿಂಗಿನ ಕೆಲಸಕ್ಕೆ ಇದರಷ್ಟು ನೇರವಾಗಿ ಅನ್ವಯಿಸುವ ನೀತಿತತ್ತ್ವ ಬೇರೊಂದು ಸಿಗುವುದು ಕಷ್ಟ.

ತಂತಿಯ ಲೆಕ್ಕ ಸರಳವಾದದ್ದು. ಉಪಕರಣದ ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಅದು ಎಳೆಯುವ ಕರೆಂಟು ಆಂಪಿಯರಿನಲ್ಲಿ ದೊರೆಯುತ್ತದೆ: 2 ಕಿಲೋವ್ಯಾಟಿನ ಟ್ಯಾಂಕ್ ಗೀಸರಿಗೆ 8.7, ನೀರನ್ನು ಕೂಡಲೇ ಕಾಯಿಸುವ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರಿಗೆ 13, ಅಂಥದೇ 4.5 ಕಿಲೋವ್ಯಾಟಿನದಕ್ಕೆ 19.6. ಕೊನೆಯದು 16 ಆಂಪಿಯರಿನ ಪವರ್ ಪ್ಲಗ್ಗಿನ ಮಿತಿಯನ್ನೇ ಮೀರುವುದರಿಂದ ಅದಕ್ಕೆ ಪ್ರತ್ಯೇಕ ಸ್ವಿಚ್ಚೂ 4 ಚದರ ಮಿಲಿಮೀಟರಿನ ತಾಮ್ರದ ತಂತಿಯೂ ಬೇಕು. ಬ್ರಿಟನ್ನಿನ ಮನೆಗಳಲ್ಲಿ ಬಳಸುವ 9.5 ಕಿಲೋವ್ಯಾಟಿನ ವಿದ್ಯುತ್ ಶವರ್ 41 ಆಂಪಿಯರ್ ಎಳೆಯುವುದರಿಂದ ಅಲ್ಲಿ 10 ಚದರ ಮಿಲಿಮೀಟರಿನ ಕೇಬಲನ್ನೇ ಎಳೆಯುವುದು ವಾಡಿಕೆ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾದುದು, ಅಂದರೆ ಕರೆಂಟು ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ದೀಪಕ್ಕೆಂದು ಎಳೆದ 1 ಚದರ ಮಿಲಿಮೀಟರಿನ ತಂತಿಗೆ ಗೀಸರನ್ನು ಸೇರಿಸಿದರೆ ಪೈಪಿನೊಳಗೆ ಅದರ ಹೊದಿಕೆ ಯಾರ ಕಣ್ಣಿಗೂ ಬೀಳದೆ ಮೆತ್ತಗಾಗಿ, ಕೊನೆಗೆ ಸುಟ್ಟುಹೋಗಬಹುದು.

ಇದಕ್ಕಿಂತ ಗಹನವಾದುದು ಅರ್ಥಿಂಗ್ ಎಂದು ಕರೆಯುವ ಭೂಸಂಪರ್ಕದ ವಿಷಯ. ಕೊಳವೆಬಾವಿಯ ಗಡಸು ನೀರಿನಿಂದ ಗೀಸರಿನೊಳಗಿನ ಕಾಯಿಲಿನ ಮೇಲೆ ಸುಣ್ಣದ ಪದರ ಕಟ್ಟಿ, ಅದರ ಕವಚ ಸವೆದು ಸೀಳಿದಾಗ ವಿದ್ಯುತ್ತು ನೀರಿಗೂ ಲೋಹದ ಮೈಗೂ ಹರಿಯುತ್ತದೆ. ಆಗ ಅದು ಮನುಷ್ಯನ ಮೈಯನ್ನು ಹುಡುಕದೆ ನೆಲಕ್ಕೆ ಇಳಿಯಬೇಕಾದರೆ ಅರ್ಥ್ ತಂತಿ ಸರಿಯಿರಬೇಕು, ಅದು ಸೇರುವ ನೆಲದ ಗುಂಡಿಯೂ ಹಸಿಯಾಗಿರಬೇಕು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅನಂತಪುರದ ಒಣ ನೆಲದಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹುಯ್ಯದೆ ಬಿಟ್ಟರೆ ಭೂಸಂಪರ್ಕದ ರೋಧ ಏರುತ್ತದೆ. ಆ ರೋಧ 50 ಓಮ್ ಆಯಿತೆಂದು ಭಾವಿಸಿದರೆ ಸೋರಿಕೆಯ ಕರೆಂಟು 4.6 ಆಂಪಿಯರ್ ಮಾತ್ರ. ಮಿತಿಮೀರಿದ ಕರೆಂಟು ಹರಿದಾಗ ಮಾತ್ರ ಸಂಪರ್ಕ ಕಡಿಯುವ 16 ಆಂಪಿಯರಿನ ಎಂಸಿಬಿ ಅದನ್ನು ಅಪಾಯವೆಂದೇ ಎಣಿಸದೆ ಸುಮ್ಮನಿರುತ್ತದೆ. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಮಾತ್ರ ಇಲ್ಲಿ ಕಾಯಬಲ್ಲದು. ಕೆಲವೆಡೆ ಅರ್ಥ್ ಪಿನ್ನನ್ನು ನ್ಯೂಟ್ರಲ್ಲಿಗೇ ಕಟ್ಟಿ ಕೈತೊಳೆದುಕೊಳ್ಳುವುದೂ ಉಂಟು. ಎಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ ಗೀಸರಿನ ಮೈಯೇ 230 ವೋಲ್ಟಿಗೆ ಏರುತ್ತದೆ.

ಹೀಗಿದ್ದೂ ಇಂಥ ವೈರಿಂಗ್ ಇರುವ ಮನೆಯಲ್ಲಿ ಹತ್ತು ವರ್ಷ ಏನೂ ಆಗದಿರಬಹುದು. ಲೌಕಿಕ ನ್ಯಾಯ ಬಹುಮಟ್ಟಿಗೆ ಘಟನೆಗಾಗಿ ಕಾಯುತ್ತದೆ: ನಿರ್ಲಕ್ಷ್ಯದಿಂದಾದ ಸಾವಿಗೆ ಸಂಬಂಧಿಸಿದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಸಾವು ಸಂಭವಿಸಿದ ಮೇಲೆಯೇ ಅನ್ವಯಿಸುವಂಥದು. ಜೈನ ಕರ್ಮವಿಚಾರ ಹಾಗೆ ಕಾಯುವುದಿಲ್ಲ. ಅದು ಕೃತ್ಯವನ್ನು ಮೂರು ಹಂತಗಳಾಗಿ ಬಿಡಿಸುತ್ತದೆ: ಸಂರಂಭವೆಂದರೆ ಮಾಡಬೇಕೆಂಬ ಸಂಕಲ್ಪ, ಸಮಾರಂಭವೆಂದರೆ ಸಾಧನಗಳ ಸಂಗ್ರಹ, ಆರಂಭವೆಂದರೆ ಕೆಲಸಕ್ಕೆ ತೊಡಗುವುದು. ಈ ಮೂರನ್ನು ಮನಸ್ಸು, ಮಾತು, ದೇಹ ಎಂಬ ಮೂರರಿಂದಲೂ, ತಾನೇ ಮಾಡುವುದು, ಮಾಡಿಸುವುದು, ಒಪ್ಪುವುದು ಎಂಬ ಮೂರರಿಂದಲೂ, ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು ಕಷಾಯಗಳಿಂದಲೂ, ಅಂದರೆ ಮನದ ವಿಕಾರಗಳಿಂದಲೂ, ಗುಣಿಸಿ ತತ್ತ್ವಾರ್ಥಸೂತ್ರದ ಪರಂಪರೆ ಕರ್ಮಕ್ಕೆ ದಾರಿಯಾಗುವ 108 ಬಗೆಗಳನ್ನು ಎಣಿಸುತ್ತದೆ. ಒಣ ಲೆಕ್ಕಾಚಾರದಂತೆ ತೋರುವ ಈ ಪಟ್ಟಿ ಗೀಸರಿನ ಮುಂದೆ ಚುರುಕಾಗುತ್ತದೆ. ನಾಲ್ಕು ಕಾಸು ಉಳಿಸಲೆಂದು ಅಂಗಡಿಯಲ್ಲಿ ತೆಳುವಾದ ತಂತಿಯನ್ನು ಆರಿಸುವ ಗಳಿಗೆಯೇ ಲೋಭದಿಂದ ಹುಟ್ಟಿದ ಸಮಾರಂಭ. ಕಟ್ಟಿದ ವೈರ್‌ಮನ್, ಕಟ್ಟಿಸಿದ ಮಾಲೀಕ, ಕಂಡೂ ಸರಿಯೆಂದ ಮೇಸ್ತ್ರಿ, ಮೂವರೂ ಅದರ ಭಾಗಿಗಳು. ಮನೆ ಮಾರಾಟವಾಗಿ ವೈರ್‌ಮನ್ ತೀರಿಕೊಂಡ ಮೇಲೆ ಯಾರಿಗೋ ಶಾಕ್ ಹೊಡೆದರೆ ಬಂಧ ಆಗ ಹೊಸದಾಗಿ ಶುರುವಾಗುವುದಿಲ್ಲ. ಅದು ಕಟ್ಟಿದ ದಿನವೇ ಆಗಿಹೋಗಿದೆ.

ವಿದ್ಯುತ್ತಿನ ಬಗ್ಗೆ ಜೈನರಲ್ಲಿ ನಡೆದ ಪ್ರಸಿದ್ಧ ಚರ್ಚೆ ಬೇರೆಯದು. ಬೆಂಕಿಯೇ ಒಡಲಾದ ತೇಜಸ್ಕಾಯ ಜೀವಗಳು ವಿದ್ಯುತ್ತಿನಲ್ಲಿಯೂ ಇವೆಯೇ ಎಂಬುದು ಮುಖ್ಯವಾಗಿ ಶ್ವೇತಾಂಬರ ಮುನಿಗಳ ನಡುವಿನ ವಾದ; ಅದೇ ಸಂಪ್ರದಾಯದ ತೇರಾಪಂಥ ಶಾಖೆಯ ಆಚಾರ್ಯ ಮಹಾಪ್ರಜ್ಞರು ವಿದ್ಯುತ್ತು ನಿರ್ಜೀವವೆಂಬ ಪಕ್ಷದವರು. ಮುನಿಯ ವ್ರತಕ್ಕೆ ಆ ಪ್ರಶ್ನೆ ತೀರ ಅಗತ್ಯವಾದರೂ, ಗೃಹಸ್ಥನ ಮಟ್ಟಿಗೆ ಕರೆಂಟಿನೊಳಗಿನ ಜೀವಕ್ಕಿಂತ ಅದರ ಕೆಳಗೆ ಒದ್ದೆ ಮೈಯಲ್ಲಿ ನಿಲ್ಲುವ ಜೀವದ ಚಿಂತೆಯೇ ಮೊದಲಾಗಬೇಕೆಂಬುದು ಯತ್ನಾಚಾರದಿಂದ ಹೊರಡುವ ತೀರ್ಮಾನ.

ತೊಡಕೊಂದು ಉಳಿಯುತ್ತದೆ. ಅರಿಯದೆ ಮಾಡಿದವನು ಪ್ರಮತ್ತನೇ? ಕಸುಬನ್ನು ಕೈಗೆತ್ತಿಕೊಂಡವನಿಗೆ ಅದರ ನಿಯಮ ಕೇಳಿ ತಿಳಿಯುವುದೂ ಯತ್ನದ ಭಾಗವಾದ್ದರಿಂದ ವೈರ್‌ಮನ್ನಿಗೆ ಈ ವಿನಾಯಿತಿ ಹೆಚ್ಚು ದೂರ ನಡೆಯುವುದಿಲ್ಲ. ಬಾಡಿಗೆದಾರನ ಸ್ಥಿತಿ ಹಾಗಲ್ಲ: ನಲ್ಲಿ ಮುಟ್ಟಿದಾಗ ಬೆರಳು ಜುಮ್ಮೆನ್ನುವುದನ್ನು ಬಲ್ಲವನು ಗೋಡೆ ಒಡೆಸುವ ಅಧಿಕಾರವಿಲ್ಲದೆ ಅಲ್ಲಿಯೇ ಸ್ನಾನ ಮಾಡಿದರೆ ಅದನ್ನು ಅನುಮೋದನೆ ಎನ್ನಲಾಗದು. ಆದರೆ ಮಾಲೀಕನಿಗೆ ಹೇಳದೆ, ಮುಂದೆ ಬರುವ ಸಂಸಾರಕ್ಕೂ ತಿಳಿಸದೆ ಬೀಗದ ಕೈ ಒಪ್ಪಿಸಿ ಹೊರಟರೆ, ಅಲ್ಲಿಂದಾಚೆಗೆ ಅವನೂ ಆ 108ರೊಳಗೆ ಸೇರುತ್ತಾನೆ.