ಸಾಮಾನು ಕಾದವರ ಪಾಲು



ಕೆಲವು ತಿಂಗಳುಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿಸಿ ನಾನು ಪೂಜಾವಸ್ತ್ರಗಳನ್ನು ಕಳಚುತ್ತಿದ್ದಾಗ, ತಾಯಿಯೊಬ್ಬರು ತಮ್ಮ ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಕೋಣೆಯ ಬಾಗಿಲಿಗೆ ಬಂದರು. ಹುಡುಗ ಶಾಲೆಯ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದ. ತಂಡ ಗೆದ್ದು ಬಂದಿತ್ತು. ಆದರೆ ಒಂದು ಪಂದ್ಯದಲ್ಲಿಯೂ ಇವನನ್ನು ಮೈದಾನಕ್ಕೆ ಇಳಿಸಿರಲಿಲ್ಲ. ಬಹುಮಾನದ ದಿನ ಎಲ್ಲರ ಜೊತೆ ವೇದಿಕೆ ಹತ್ತಿ ಪದಕ ಪಡೆದವನು, ಮನೆಗೆ ಬಂದು ಅದನ್ನು ಅಮ್ಮನ ಕೈಗಿತ್ತು, "ಇದು ನನ್ನದಲ್ಲ" ಎಂದನಂತೆ. "ಇವನಿಗೆ ನೀವೇ ಏನಾದರೂ ಹೇಳಿ ಫಾದರ್" ಎಂದರು ಆ ತಾಯಿ.

ಇಂಥ ಹೊತ್ತಿನಲ್ಲಿ ನಮ್ಮಂಥವರ ಬಾಯಿಗೆ ಸಲೀಸಾಗಿ ಬರುವ ಮಾತನ್ನೇ ನಾನೂ ಆಡಿದೆ. ಗೆಲ್ಲುವುದು ಸೋಲುವುದು ಮುಖ್ಯವಲ್ಲ ಮಗು, ಪಾಲ್ಗೊಳ್ಳುವುದು ಮುಖ್ಯ ಎಂದೆ. ಹುಡುಗ ನೆಲ ನೋಡುತ್ತಾ ನಿಂತ. ಅವನು ಪಾಲ್ಗೊಂಡಿರಲಿಲ್ಲವಲ್ಲ, ಅವನ ದುಃಖವೇ ಅದು! ಅವರು ಹೊರಟುಹೋದ ಮೇಲೆ ನನಗೆ ನಾಚಿಕೆಯಾಯಿತು. ಆಡದೆ ಕುಳಿತವನಿಗೆ ಗೆಲುವಿನಲ್ಲಿ ಪಾಲುಂಟೆ? ಉಂಟೆನ್ನುವುದಾದರೆ ಅದು ನ್ಯಾಯವೋ, ಕೇವಲ ಕನಿಕರವೋ? ಆ ಬಾಲಕನ ಪ್ರಶ್ನೆ ಇದಾಗಿತ್ತು. ನಿಮ್ಮೊಡನೆ ಕೂಡಿ ಅದನ್ನು ಸ್ವಲ್ಪ ವಿಚಾರ ಮಾಡೋಣವೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಗೆ ಬರುವ ಪ್ರತಿಯೊಂದು ರಾಷ್ಟ್ರವೂ ತನ್ನ ಆಟಗಾರರ ಪಟ್ಟಿಯನ್ನು ಮೊದಲೇ ಸಲ್ಲಿಸಬೇಕು. 1998ರವರೆಗೆ ಆ ಪಟ್ಟಿಯಲ್ಲಿ 22 ಹೆಸರುಗಳಿರುತ್ತಿದ್ದವು. 2002ರಲ್ಲಿ ಅದು 23 ಆಯಿತು. 2022ರಲ್ಲಿ ಕತಾರ್‌ನಲ್ಲಿ 26ಕ್ಕೆ ಏರಿತು. ಆದರೆ ಮೈದಾನದಲ್ಲಿ ಆಡುವವರು ಎಂದೆಂದಿಗೂ ಹನ್ನೊಂದೇ ಮಂದಿ. ಬದಲಿಗಳನ್ನು ಎಷ್ಟೇ ಲೆಕ್ಕ ಹಾಕಿದರೂ ಕೆಲವರು ಮೊದಲ ದಿನದಿಂದ ಕೊನೆಯ ದಿನದವರೆಗೆ ಬೆಂಚಿನ ಮೇಲೆಯೇ ಉಳಿಯುತ್ತಾರೆ. 2022ರಲ್ಲಿ ಅರ್ಜೆಂಟೀನಾ ವಿಶ್ವಕಪ್ ಗೆದ್ದಾಗ ಎಮಿಲಿಯಾನೊ ಮಾರ್ಟಿನೆಜ್ ಎಲ್ಲ ಪಂದ್ಯಗಳಲ್ಲಿಯೂ ಗೋಲು ಕಾದರು. ಅದೇ ತಂಡದ ಇನ್ನಿಬ್ಬರು ಗೋಲ್‌ಕೀಪರುಗಳಾದ ಫ್ರಾಂಕೊ ಅರ್ಮಾನಿ ಮತ್ತು ಜೆರೊನಿಮೊ ರುಲ್ಲಿ ಒಂದು ನಿಮಿಷವೂ ಆಡಲಿಲ್ಲ. ಜಗತ್ತು ಕೊಂಡಾಡಿದ್ದು ಮಾರ್ಟಿನೆಜರನ್ನು. ಉಳಿದಿಬ್ಬರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ?

ಈ ಪ್ರಶ್ನೆ ಅತ್ಯಂತ ಕಟುವಾಗಿ ಎದುರಾದದ್ದು 1966ರ ಇಂಗ್ಲೆಂಡ್ ತಂಡದಲ್ಲಿ. ಆಗ ಜಿಮ್ಮಿ ಗ್ರೀವ್ಸ್ ಆ ದೇಶದ ಅತಿ ಚತುರ ಗೋಲುಗಾರರೆಂದು ಹೆಸರಾಗಿದ್ದರು. ತಮ್ಮ ದೇಶಕ್ಕಾಗಿ ಅವರು ಆಡಿದ್ದು ಒಟ್ಟು 57 ಪಂದ್ಯ, ಹೊಡೆದದ್ದು 44 ಗೋಲು. ತವರಿನಲ್ಲಿಯೇ ನಡೆದ ಆ ವಿಶ್ವಕಪ್ಪಿನ ಮೊದಲ ಮೂರು ಪಂದ್ಯಗಳಲ್ಲಿ ಅವರು ಆಡಿದರು. ಮೂರನೆಯದರಲ್ಲಿ, ಫ್ರಾನ್ಸ್ ವಿರುದ್ಧ, ಎದುರಾಳಿಯ ಬೂಟು ತಗುಲಿ ಮೊಣಕಾಲ ಕೆಳಗೆ ಆಳವಾದ ಗಾಯವಾಯಿತು, ಹೊಲಿಗೆ ಹಾಕಬೇಕಾಯಿತು. ಅವರ ಸ್ಥಾನಕ್ಕೆ ಬಂದವರು ಜೆಫ್ ಹರ್ಸ್ಟ್. ಅದೇ ವರ್ಷದ ಫೆಬ್ರವರಿಯಲ್ಲಷ್ಟೇ ಮೊದಲ ಬಾರಿಗೆ ದೇಶದ ಪರವಾಗಿ ಆಡಿದ್ದವರು ಅವರು. ಹರ್ಸ್ಟ್ ಅರ್ಜೆಂಟೀನಾ ವಿರುದ್ಧ ಏಕೈಕ ಗೋಲು ಹೊಡೆದು ತಂಡವನ್ನು ಗೆಲ್ಲಿಸಿದರು. ಫೈನಲ್ ವೇಳೆಗೆ ಗ್ರೀವ್ಸರ ಗಾಯ ಮಾದಿತ್ತು. ಆದರೆ ಗೆಲ್ಲುತ್ತಿರುವ ತಂಡವನ್ನು ಕದಲಿಸಲು ವ್ಯವಸ್ಥಾಪಕ ಆಲ್ಫ್ ರಾಮ್ಸೆ ಮನಸ್ಸು ಮಾಡಲಿಲ್ಲ. ಅಂದಿನ ವಿಶ್ವಕಪ್ಪಿನಲ್ಲಿ ಬದಲಿ ಆಟಗಾರರನ್ನು ಇಳಿಸುವ ಪದ್ಧತಿಯೂ ಇರಲಿಲ್ಲ. ಅದು ಬಂದದ್ದು 1970ರಲ್ಲಿ. ಆದ್ದರಿಂದ ಜುಲೈ 30ರಂದು ವೆಂಬ್ಲಿ ಮೈದಾನದಲ್ಲಿ ಹೊರಗುಳಿದವರು ಕೊನೆಯವರೆಗೂ ಹೊರಗುಳಿಯಲೇಬೇಕಿತ್ತು. ಹರ್ಸ್ಟ್ ಮೂರು ಗೋಲು ಹೊಡೆದರು. ಇಂಗ್ಲೆಂಡ್ ಪಶ್ಚಿಮ ಜರ್ಮನಿಯನ್ನು 4–2ರಿಂದ ಸೋಲಿಸಿತು. ಗ್ರೀವ್ಸ್ ಆ ಸಂಭ್ರಮವನ್ನು ಕೋಟು ಟೈ ತೊಟ್ಟು ಅಂಚಿನಲ್ಲಿ ನಿಂತು ನೋಡಿದರು.

ಪದಕಗಳನ್ನು ಕೊಟ್ಟದ್ದು ಫೈನಲ್ ಆಡಿದ ಹನ್ನೊಂದು ಮಂದಿಗೆ ಮಾತ್ರ. ಪಟ್ಟಿಯಲ್ಲಿದ್ದ ಉಳಿದ ಹನ್ನೊಂದು ಮಂದಿ ಬರಿಗೈಯಲ್ಲಿ ಮನೆಗೆ ಹೋದರು. ಅವರಲ್ಲಿ ಏಳು ಜನ ಇಡೀ ಪಂದ್ಯಾವಳಿಯಲ್ಲಿ ಕಾಲಿಗೆ ಚೆಂಡು ತಾಗಿಸಿರಲಿಲ್ಲ. ಆದರೆ ಆ ತಂಡದ ಆಟಗಾರರು ತಾವೇ ಮಾಡಿದ ಒಂದು ಕೆಲಸ ನನ್ನ ಮನಸ್ಸಿಗೆ ಬಹಳ ಹಿಡಿಸುತ್ತದೆ. ಗೆಲುವಿಗಾಗಿ ಸಂಸ್ಥೆ ಕೊಟ್ಟ 22,000 ಪೌಂಡುಗಳನ್ನು ಯಾರು ಎಷ್ಟು ಪಂದ್ಯ ಆಡಿದರೆಂದು ಎಣಿಸದೆ, ತಲೆಗೆ ಸಾವಿರದಂತೆ ಇಪ್ಪತ್ತೆರಡೂ ಮಂದಿ ಸಮನಾಗಿ ಹಂಚಿಕೊಂಡರು. ಪದಕ ಕೊಡುವವರಿಗೆ ತಿಳಿಯದಿದ್ದ ನ್ಯಾಯ ಬೆವರು ಸುರಿಸಿದವರಿಗೆ ತಿಳಿದಿತ್ತು!

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಸಮುವೇಲನ ಮೊದಲನೆಯ ಗ್ರಂಥದ ಮೂವತ್ತನೆಯ ಅಧ್ಯಾಯ. ಭಾನುವಾರದ ವಾಚನಗಳಲ್ಲಿ ಬಾರದ ಭಾಗವಾದ್ದರಿಂದ ಇದು ನಮ್ಮ ಜನರಿಗೆ ಅಷ್ಟಾಗಿ ಪರಿಚಿತವಲ್ಲ. ಅಮಾಲೇಕ್ಯರು ಚಿಕ್ಲಗ್ ಪಟ್ಟಣವನ್ನು ಸುಟ್ಟು, ದಾವೀದನ ಜನರ ಹೆಂಡಿರು ಮಕ್ಕಳನ್ನು ಸೆರೆಹಿಡಿದು ಒಯ್ದಿದ್ದರು. ದಾವೀದ ಆರುನೂರು ಜನರೊಡನೆ ಬೆನ್ನಟ್ಟಿ ಹೊರಟ. ಬೆಸೋರ್ ಹಳ್ಳದ ಬಳಿ ಬಂದಾಗ ಇನ್ನೂರು ಜನರಿಗೆ ಅದನ್ನು ದಾಟುವಷ್ಟು ತ್ರಾಣವೂ ಉಳಿದಿರಲಿಲ್ಲ. ಅವರು ಸಾಮಾನುಗಳ ಬಳಿ ಉಳಿದರು. ನಾನೂರು ಜನ ಮುಂದೆ ಹೋಗಿ ಗೆದ್ದು, ಕಳೆದುಹೋದುದೆಲ್ಲವನ್ನೂ ಕೊಳ್ಳೆಯೊಡನೆ ತಂದರು. ಹಿಂದಿರುಗಿದಾಗ ಅವರಲ್ಲಿ ಕೆಲವರು, ನಮ್ಮೊಡನೆ ಬಾರದವರಿಗೆ ಹೆಂಡತಿ ಮಕ್ಕಳನ್ನು ಒಪ್ಪಿಸಿದರೆ ಸಾಕು, ಕೊಳ್ಳೆಯಲ್ಲಿ ಪಾಲು ಬೇಡ ಎಂದರು. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಒಂದೇ ಪಾಲು ಎಂದು ತೀರ್ಪಿತ್ತ. ಮುಂದೆ ಅದು ಇಸ್ರಯೇಲಿನಲ್ಲಿ ಕಟ್ಟಳೆಯೇ ಆಯಿತು.

ಇಲ್ಲಿ ನಾವು ಗಮನಿಸಬೇಕಾದುದು ದಾವೀದ ಕೊಟ್ಟ ಕಾರಣವನ್ನು. ಪಾಪ, ಅವರು ದಣಿದಿದ್ದರು ಎಂದು ಅವನು ಹೇಳಲಿಲ್ಲ. ಅವರೂ ಸಾಮಾನು ಕಾದರಲ್ಲ, ಅದೂ ಒಂದು ಕೆಲಸವೇ ಎಂದೂ ವಾದಿಸಲಿಲ್ಲ. ಇದೆಲ್ಲವನ್ನೂ ಸರ್ವೇಶ್ವರ ನಮಗೆ ಕೊಟ್ಟಿರುವಾಗ ಹೀಗೆ ಮಾಡಲಾಗದು ಎಂಬುದು ಅವನ ಕಾರಣ. ಗೆಲುವು ಕೂಲಿಯಾಗಿದ್ದರೆ ಅವರವರ ದುಡಿಮೆಗೆ ತಕ್ಕಂತೆ ಅಳೆದು ಕೊಡಬೇಕು. ಕೆಲಸ ಮಾಡದವನಿಗೆ ಕೂಲಿಯಿಲ್ಲ. ಗೆಲುವು ವರವಾಗಿದ್ದರೆ, ಅದನ್ನು ಪಡೆದವನು ತನ್ನದೆಂದು ಹಿಡಿದಿಟ್ಟುಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ಇದಕ್ಕಿಂತ ನಮಗೆ ಹತ್ತಿರದ್ದೆನಿಸಬಹುದು. ಆದರೆ ಅಲ್ಲಿ ಕಡೆಗೆ ಬಂದವರೂ ಒಂದು ತಾಸಾದರೂ ದುಡಿದಿದ್ದರು. ಬೆಸೋರಿನ ಇನ್ನೂರು ಜನ ಕತ್ತಿಯನ್ನೇ ಎತ್ತಿರಲಿಲ್ಲ.

ಈಗ ಜೆಫ್ ಹರ್ಸ್ಟರನ್ನು ಮತ್ತೆ ನೋಡಿ. ಅವರ ಸಾಮರ್ಥ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಫ್ರಾನ್ಸಿನ ಆಟಗಾರನ ಬೂಟು ಒಂದು ಗೇಣು ಆಚೆ ಬಿದ್ದಿದ್ದರೆ, ಆ ದಿನ ಕೋಟು ತೊಟ್ಟು ಅಂಚಿನಲ್ಲಿ ನಿಲ್ಲುತ್ತಿದ್ದವರು ಬಹುಶಃ ಹರ್ಸ್ಟರೇ. ಅವರ ಮೂರು ಗೋಲುಗಳ ಹಿಂದೆ ಅವರು ಗಳಿಸದ ಏನೋ ಒಂದಿದೆ. ಬೆಂಚಿನ ಮೇಲಿದ್ದವನಿಗೆ ಪಾಲು ಕೊಡುವುದು ಕನಿಕರವೆಂದು ಭಾವಿಸುವವರು ಆಡಿದವನ ಪಾಲೂ ಅಷ್ಟೇ ದಾನವೆಂಬುದನ್ನು ಮರೆಯುತ್ತಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನ ಬಗ್ಗೆ, ವಿದೇಶದಲ್ಲಿ ಕೆಲಸ ಸಿಕ್ಕ ಮಗಳ ಬಗ್ಗೆ ನಾವು ಹೆಮ್ಮೆಪಡುವಾಗ, ಮನೆಯಲ್ಲೇ ಉಳಿದು ಅಜ್ಜಿಯನ್ನು ನೋಡಿಕೊಂಡ ಇನ್ನೊಬ್ಬ ಮಗಳ ಹೆಸರು ನಮ್ಮ ಬಾಯಿಗೆ ಬರುತ್ತದೆಯೇ? ನಮ್ಮ ಧರ್ಮಕೇಂದ್ರದ ಹಬ್ಬದಲ್ಲಿಯೂ ಶಾಲು ಹೊದಿಸಿಕೊಳ್ಳುವವರು ಸಾಮಾನ್ಯವಾಗಿ ವೇದಿಕೆಯ ಮೇಲಿನವರೇ. ಅದರಲ್ಲಿ ನನ್ನ ತಪ್ಪೂ ಇದೆ.

ಫಿಫಾ ಸಂಸ್ಥೆ ಕೊನೆಗೂ ಎಚ್ಚೆತ್ತಿತು. 1978ರಿಂದ ಗೆದ್ದ ತಂಡದ ಪಟ್ಟಿಯಲ್ಲಿದ್ದವರಿಗೆಲ್ಲ ಪದಕ ದೊರೆಯತೊಡಗಿತು. ಅದಕ್ಕೂ ಹಿಂದಿನ ವಿಜೇತ ತಂಡಗಳಲ್ಲಿ ಹೊರಗುಳಿದವರಿಗೂ ಕೊಡಬೇಕೆಂದು 2007ರಲ್ಲಿ ನಿರ್ಧಾರವಾಯಿತು. 2009ರ ಜೂನ್ ತಿಂಗಳಿನಲ್ಲಿ ಲಂಡನ್ನಿನ ಪ್ರಧಾನಮಂತ್ರಿಗಳ ನಿವಾಸದಲ್ಲಿ ಗ್ರೀವ್ಸ್ ತಮ್ಮ ಪದಕವನ್ನು ಪಡೆದರು, ನಲವತ್ತಮೂರು ವರ್ಷಗಳ ನಂತರ. 2014ರಲ್ಲಿ ಅದನ್ನು ಅವರು ಹರಾಜಿನಲ್ಲಿ ಮಾರಿದರು. 44,000 ಪೌಂಡು ಬಂತು. 2021ರಲ್ಲಿ ಅವರು ತೀರಿಕೊಂಡರು. ಮಾರಿದ್ದನ್ನು ತಪ್ಪೆನ್ನಲು ನಾನು ಯಾರು? ದಾವೀದ ಅದೇ ದಿನ, ಅದೇ ಹಳ್ಳದ ದಂಡೆಯಲ್ಲಿ, ಎಲ್ಲರ ಕಣ್ಣೆದುರು ಪಾಲು ಹಂಚಿದ. ನಲವತ್ತಮೂರು ವರ್ಷ ತಡವಾಗಿ ಬಂದ ಪಾಲು ಆ ಮನುಷ್ಯನ ಮನಸ್ಸಿನಲ್ಲಿ ಎಷ್ಟು ತೂಗಿತೋ!

ಇಷ್ಟು ಹೇಳಿದ ಮೇಲೂ ಒಂದು ತೊಡಕು ಉಳಿದೇ ಇದೆ. ಅದನ್ನು ನಿಮ್ಮಿಂದ ಮರೆಮಾಚುವುದು ಸರಿಯಲ್ಲ. ಬೆಸೋರಿನ ಇನ್ನೂರು ಜನ ಆರುನೂರರಲ್ಲಿ ಸೇರಿದ್ದವರು. ಗ್ರೀವ್ಸ್ ಇಪ್ಪತ್ತೆರಡರಲ್ಲಿ ಒಬ್ಬರು. ಪಟ್ಟಿಯನ್ನೇ ಸೇರದವರ ಗತಿಯೇನು? ರಾಮ್ಸೆ ಲಿಲ್ಲೆಷಾಲ್‌ನಲ್ಲಿ ತರಬೇತಿ ಕೊಟ್ಟವರಲ್ಲಿ ಕೆಲವರನ್ನು ಕೊನೆಯ ಗಳಿಗೆಯಲ್ಲಿ ಮನೆಗೆ ಕಳುಹಿಸಿ ಇಪ್ಪತ್ತೆರಡು ಮಂದಿಯನ್ನು ಉಳಿಸಿಕೊಂಡಿದ್ದರು. ಹಾಗೆ ಹೋದವರಿಗೆ ಅಂದೂ ಪದಕವಿಲ್ಲ, 2009ರಲ್ಲಿಯೂ ಇಲ್ಲ. ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕಲ್ಲವೇ? ಯೂದನ ಸ್ಥಾನವನ್ನು ತುಂಬಲು ಪೇತ್ರ ಮತ್ತು ಸೋದರರು ಇಬ್ಬರನ್ನು ಮುಂದೆ ನಿಲ್ಲಿಸಿದ ಸಂಗತಿ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುತ್ತದೆ. ಬಾರ್ಸಬ್ಬನೆಂಬ ಜೋಸೆಫ, ಮತ್ತೊಬ್ಬ ಮತ್ತೀಯ. ಇಬ್ಬರೂ ಯೋವಾನ್ನನ ದೀಕ್ಷಾಸ್ನಾನದ ದಿನಗಳಿಂದ ಯೇಸುಸ್ವಾಮಿಯ ಜೊತೆಗಿದ್ದವರು; ಯೋಗ್ಯತೆಯಲ್ಲಿ ಕೊರತೆಯಿರಲಿಲ್ಲ. ಚೀಟಿ ಮತ್ತೀಯನ ಹೆಸರಿಗೆ ಬಿತ್ತು. ಮತ್ತೀಯನ ಹಬ್ಬವನ್ನು ನಾವು ಮೇ 14ರಂದು ಆಚರಿಸುತ್ತೇವೆ. ಜೋಸೆಫನ ಸುದ್ದಿ ಆ ಗ್ರಂಥದಲ್ಲಿ ಮುಂದೆ ಎಲ್ಲಿಯೂ ಇಲ್ಲ. ಅವನು ಮುನಿಸಿಕೊಂಡು ಹೋದನೇ, ಅಲ್ಲೇ ಉಳಿದು ಪೆಂತೆಕೋಸ್ತ ದಿನದಂದು ಉಳಿದವರೊಡನೆ ಪವಿತ್ರಾತ್ಮರನ್ನು ಪಡೆದನೇ? ಉಳಿದನೆಂದೇ ನಾನು ನಂಬುತ್ತೇನೆ. ಆದರೆ ಅದು ನನ್ನ ನಂಬಿಕೆ ಮಾತ್ರ. ಲೂಕನು ಆ ಸೋತ ಹೆಸರನ್ನು ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಅಡ್ಡಹೆಸರುಗಳನ್ನೂ ಸೇರಿಸಿ ಬರೆದಿಟ್ಟ.

ಎರಡು ವಾರಗಳ ನಂತರ ಆ ಹುಡುಗ ಮತ್ತೆ ಸಿಕ್ಕಾಗ ಅವನನ್ನು ಗುಡಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಮೊದಲು ನನ್ನ ಹಿಂದಿನ ಮಾತಿಗೆ ಕ್ಷಮೆ ಕೇಳಿ, ಬೆಸೋರ್ ಹಳ್ಳದ ಕಥೆ ಹೇಳಿದೆ. ಗಮನವಿಟ್ಟು ಕೇಳಿದ. ಪದಕದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಗೆ, "ಆ ಇನ್ನೂರು ಜನ ಮುಂದಿನ ಯುದ್ಧಕ್ಕೆ ಹೋದರಾ ಫಾದರ್?" ಎಂದು ಕೇಳಿದ. ಬೈಬಲ್ ಅದನ್ನು ಹೇಳುವುದಿಲ್ಲ ಎಂದೆ. "ಹೋಗಿರ್ತಾರೆ" ಎಂದು ಎದ್ದು, ಅಂಗಳದಲ್ಲಿ ಚೆಂಡಾಡುತ್ತಿದ್ದ ಹುಡುಗರ ಕಡೆಗೆ ಓಡಿದ.